ಮುಪ್ಪಿನ ಕಾಯಿಲೆಗೆ ಯಾರು ಹೊಣೆ?

ಬಂಗಾರಪೇಟೆಯ ರೈಲ್ವೆ ನಿಲ್ದಾಣದಲ್ಲಿ ಬೆಳಗಿನ ಬೆಂಗಳೂರು ಗಾಡಿಗೆ ಕಾದು ನಿಂತವರನ್ನು ಒಮ್ಮೆ ನೋಡಿರಿ. ಬುತ್ತಿಚೀಲ ಹಿಡಿದು ಕೆಲಸಕ್ಕೆ ಹೊರಟ ತರುಣರ ನಡುವೆ, ಎಕ್ಸ್-ರೇ ಚಿತ್ರದ ದೊಡ್ಡ ಲಕೋಟೆಯನ್ನು ಎದೆಗೆ ಅವಚಿಕೊಂಡ ಮುದುಕರು ಕಾಣುತ್ತಾರೆ. ಮಗನದು ಕೂಲಿಯ ಪ್ರಯಾಣ, ತಂದೆಯದು ಕಾಯಿಲೆಯ ಪ್ರಯಾಣ. ಈ ನೆಲದ ಚಿನ್ನ ಯಾವ ದಾರಿಯಲ್ಲಿ ಹೊರಗೆ ಹೋಯಿತೋ ಅದೇ ದಾರಿಯಲ್ಲಿ ಇಂದು ಈ ನೆಲದ ಮುಪ್ಪೂ ಹೋಗುತ್ತಿದೆ.

ಈಚೆಗೆ ನಮ್ಮನ್ನು ಕಂಡವರೆಲ್ಲ ಕೇಳುವುದು ಒಂದೇ ಪ್ರಶ್ನೆ: “ಅಪ್ಪನಿಗೆ ಅರವತ್ತು ದಾಟಿತು, ಯಾವ ಆರೋಗ್ಯ ವಿಮೆ ಮಾಡಿಸಲಿ?” ಇದಕ್ಕೆ ಊರಿನಲ್ಲಿ ಎರಡು ಉತ್ತರಗಳು ತಿರುಗಾಡುತ್ತಿವೆ. ಒಂದು ಏಜೆಂಟರದು: “ಇಲ್ಲಿ ರುಜು ಹಾಕಿ, ಮಿಕ್ಕದ್ದು ನಮಗೆ ಬಿಡಿ.” ಇನ್ನೊಂದು, ಹೇಳಲು ನಾಚಿಕೆಯಾದರೂ, ನಮ್ಮ ಗೆಳೆಯರದೇ: “ವಿಮೆಯೆಂದರೆ ಬಂಡವಾಳಗಾರರ ಜೂಜು, ಔಷಧೋಪಚಾರ ಸರ್ಕಾರದ ಹೊಣೆ, ಆದ್ದರಿಂದ ಒಂದು ಕಾಸನ್ನೂ ಕೊಡಬೇಡಿ.” ಈ ಎರಡು ಉತ್ತರಗಳನ್ನೂ ನಾವು ಒಪ್ಪುವುದಿಲ್ಲ. ಮೊದಲನೆಯದು ಓದದೆ ರುಜು ಹಾಕೆನ್ನುತ್ತದೆ. ಎರಡನೆಯದು, ಸಮಾಜವಾದ ಬರುವತನಕ ಎದೆನೋವನ್ನು ತಡೆದುಕೊಂಡಿರು ಎನ್ನುತ್ತದೆ. ಎದೆನೋವು ಯಾವ ಪಕ್ಷದ ತೀರ್ಮಾನಕ್ಕೂ ಕಾಯುವುದಿಲ್ಲ.

ನಮ್ಮ ಊರಿನ ಅನುಭವವನ್ನೇ ಮೊದಲು ನೋಡೋಣ. 1880ರಲ್ಲಿ ಜಾನ್ ಟೇಲರ್ ಕಂಪನಿಯವರು ಬಂದು ಚಿನ್ನದ ಗಣಿ ನಡೆಸತೊಡಗಿದರು. 1956ರಲ್ಲಿ ಗಣಿಗಳು ಮೈಸೂರು ಸರ್ಕಾರದ ವಶವಾದವು. 1962ರಲ್ಲಿ ಕೇಂದ್ರ ಸರ್ಕಾರಕ್ಕೆ ಹೋದವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಎಂಬ ಹೆಸರಾಯಿತು. ಧಣಿ ಬದಲಾದರೂ ಒಂದು ಏರ್ಪಾಡು ಬದಲಾಗಲಿಲ್ಲ: ಗಣಿಗಾರನಿಗೆ ಕಾಯಿಲೆಯಾದರೆ ಕಂಪನಿಯ ಆಸ್ಪತ್ರೆ. 1948ರ ಕಾರ್ಮಿಕರ ರಾಜ್ಯ ವಿಮಾ ಕಾನೂನು, ಅಂದರೆ ಇ.ಎಸ್.ಐ., ಗಣಿಗಳಿಗೆ ಅನ್ವಯಿಸುತ್ತಿರಲಿಲ್ಲ. ಆಗ ಅದರ ಕೊರತೆ ಯಾರಿಗೂ ಕಾಣಲಿಲ್ಲ. ಆಸ್ಪತ್ರೆ ಎದುರಿಗೇ ಇದ್ದಾಗ ಚೀಟಿ ಯಾರಿಗೆ ಬೇಕು?

2001ನೇ ಇಸವಿ ಫೆಬ್ರವರಿ 28ರಂದು ಗಣಿ ಮುಚ್ಚಿತು. ಕೆಲಸದೊಂದಿಗೆ ಆಸ್ಪತ್ರೆಯೂ ಹೋಯಿತು. ಆದರೆ ಕಲ್ಲಿನ ಧೂಳು ಎದೆಗೂಡಿನಿಂದ ಹೋಗಲಿಲ್ಲ. ಸಿಲಿಕೋಸಿಸ್ ಎಂಬ ಶ್ವಾಸಕೋಶದ ರೋಗ ನಮ್ಮ ದೇಶದಲ್ಲಿ ಮೊದಲು ವರದಿಯಾದದ್ದು 1947ರಲ್ಲಿ, ಇದೇ ಕೋಲಾರದ ಚಿನ್ನದ ಗಣಿಗಳಿಂದ. ಧೂಳಿನ ಕೆಲಸ ಬಿಟ್ಟು ಎಷ್ಟೋ ವರ್ಷವಾದ ಮೇಲೂ ಅದು ಬೆಳೆಯುತ್ತದೆ; ಕ್ಷಯಕ್ಕೆ ಬಾಗಿಲು ತೆರೆಯುತ್ತದೆ. ಹೀಗೆ, ರೋಗ ಮುಪ್ಪಿಗೆ ಬಂದು ನಿಲ್ಲುವ ಹೊತ್ತಿಗೆ ಸರಿಯಾಗಿ ಔಷಧದ ಬಾಗಿಲು ಮುಚ್ಚಿಹೋಯಿತು. ಇದರಿಂದ ಕಲಿಯತಕ್ಕ ಪಾಠ ಇಷ್ಟೆ: ಧಣಿಯ ದಯೆಗೆ ಗಂಟುಹಾಕಿದ ಆರೋಗ್ಯ ಧಣಿಯೊಂದಿಗೇ ಹೋಗುತ್ತದೆ. ಕಾರ್ಮಿಕನ ಹೆಸರಿನಲ್ಲಿ, ಕಾರ್ಮಿಕನ ಕೈಯಲ್ಲಿ ಇರುವ ಹಕ್ಕು ಮಾತ್ರ ಅವನ ಮುಪ್ಪಿಗೆ ಒದಗುತ್ತದೆ.

ಹಾಗಾದರೆ ಈಗ ಕೈಯಲ್ಲಿ ಏನಿದೆ? ಕೊಳ್ಳುವುದಕ್ಕೆ ಮೊದಲು ಇರುವುದನ್ನು ಎಣಿಸಿಕೊಳ್ಳಿರೆಂದು ನಾವು ಒತ್ತಿ ಹೇಳುತ್ತೇವೆ.

ಮೊದಲನೆಯದು ಗಿರಣಿ, ಕಾರ್ಖಾನೆಗಳ ಕೆಲಸಗಾರರ ಇ.ಎಸ್.ಐ. ಹತ್ತು ಮಂದಿಗೆ ಕಡಮೆಯಿಲ್ಲದ ಸಂಸ್ಥೆಯಲ್ಲಿ, ತಿಂಗಳಿಗೆ 21,000 ರೂಪಾಯಿ ಮೀರದ ಸಂಬಳದವರಿಗೆ ಅನ್ವಯಿಸುವಂತೆ 2017ರಲ್ಲಿ ಮಿತಿ ಹಾಕಿದರು. 2019ರಿಂದ ಕೆಲಸಗಾರನ ಪಾಲು ನೂರಕ್ಕೆ ಮುಕ್ಕಾಲು ರೂಪಾಯಿ, ಧಣಿಯ ಪಾಲು ಮೂರೂಕಾಲು ರೂಪಾಯಿ. 12,000 ಸಂಬಳದವನಿಗೆ ಕಡಿತ 90 ರೂಪಾಯಿ. ಇದು ಬಹುಮಂದಿಗೆ ಗೊತ್ತು. ಗೊತ್ತಿಲ್ಲದ ಸಂಗತಿ ಮುಂದಿನದು: ಐದು ವರ್ಷಕ್ಕೆ ಕಡಮೆಯಿಲ್ಲದೆ ವಿಮಾದಾರನಾಗಿದ್ದು ವಯಸ್ಸಿನ ನಿವೃತ್ತಿಯನ್ನೋ ಸ್ವಯಂ ನಿವೃತ್ತಿಯನ್ನೋ ಪಡೆದವನು ವರ್ಷಕ್ಕೆ ಬರಿಯ 120 ರೂಪಾಯಿ ಕಟ್ಟಿ, ತಾನೂ ತನ್ನ ಹೆಂಡತಿಯೂ ಔಷಧೋಪಚಾರ ಪಡೆಯಬಹುದೆಂದು ಇ.ಎಸ್.ಐ. ನಿಯಮವಿದೆ. ತಿಂಗಳಿಗೆ ಹತ್ತು ರೂಪಾಯಿ! ಯಾವ ಕಂಪನಿಯ ಯಾವ ಪಾಲಿಸಿಯೂ ಇದರ ಹತ್ತಿರ ಸುಳಿಯಲಾರದು. ಆದರೆ ಇದು ತಾನಾಗಿ ಬರುವುದಿಲ್ಲ. ನಿವೃತ್ತನಾದೆನೆಂದು ಧಣಿಯಿಂದ ಬರೆಸಿಕೊಳ್ಳಬೇಕು. ಎಷ್ಟೋ ಜನ ಮುದುಕರು “ನಾಳೆಯಿಂದ ಬರಬೇಡ” ಎಂಬ ಬಾಯಿಮಾತು ಕೇಳಿ ಮನೆಗೆ ಬಂದುಬಿಡುತ್ತಾರೆ. ಆಮೇಲೆ ಕಾಗದ ಹುಟ್ಟುವುದಿಲ್ಲ. ಆದ್ದರಿಂದ ಐವತ್ತು ದಾಟಿದ ಪ್ರತಿಯೊಬ್ಬ ಗಿರಣಿ ಕೆಲಸಗಾರನೂ ತನ್ನ ವಿಮಾ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಲಿ. ಸಂಬಳದಿಂದ ಮುರಿದ ಹಣ ನಿಜವಾಗಿ ಕಟ್ಟಿದೆಯೇ ಎಂದು ವರ್ಷಕ್ಕೊಮ್ಮೆ ವಿಚಾರಿಸಲಿ.

ಎರಡನೆಯದು ಪಡಿತರ ಚೀಟಿಯ ಮೇಲೆ ಬರುವ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ. 2018ರಲ್ಲಿ ಎರಡು ಯೋಜನೆಗಳನ್ನು ಕೂಡಿಸಿದಾಗ, ಬಡತನ ರೇಖೆಯ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದವರೆಗೆ ಚಿಕಿತ್ಸೆಯೆಂದೂ, ಮಿಕ್ಕವರಿಗೆ ಗೊತ್ತುಮಾಡಿದ ದರದಲ್ಲಿ ನೂರಕ್ಕೆ ಮೂವತ್ತರಷ್ಟನ್ನು, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯೊಳಗೆ, ಸರ್ಕಾರ ಕೊಡುವುದೆಂದೂ ಗೊತ್ತಾಯಿತು. ಬಂಗಾರಪೇಟೆಯ, ರಾಬರ್ಟ್‌ಸನ್‌ಪೇಟೆಯ ಅಂಗಡಿಕಾರರು ಬಹುಪಾಲು ಈ ಎರಡನೆಯ ವರ್ಗದವರು. ನೂರರಲ್ಲಿ ಎಪ್ಪತ್ತು ಅವರದೇ ಹೊರೆ. ಇಲ್ಲಿಯೂ ಒಂದು ಗುಟ್ಟಿದೆ. ತುರ್ತಿನ ಸಂದರ್ಭವನ್ನು ಬಿಟ್ಟರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಆಗದ ದೊಡ್ಡ ಚಿಕಿತ್ಸೆಗೆ ಅವರು ಬರೆದುಕೊಟ್ಟರೆ ಮಾತ್ರ ಖಾಸಗಿ ಆಸ್ಪತ್ರೆ. ನೇರವಾಗಿ ಬೆಂಗಳೂರಿಗೆ ಓಡಿ, ಬಿಲ್ಲು ಕೈಗೆ ಬಂದಮೇಲೆ ಚೀಟಿ ತೋರಿಸಿದರೆ ನಡೆಯುವುದಿಲ್ಲ.

2024ರ ಅಕ್ಟೋಬರ್ 29ರಂದು ಕೇಂದ್ರ ಸರ್ಕಾರದವರು, ಎಪ್ಪತ್ತು ವರ್ಷ ತುಂಬಿದ ಎಲ್ಲರಿಗೂ, ಬಡವ ಬಲ್ಲಿದನೆನ್ನದೆ, ಐದು ಲಕ್ಷದ ರಕ್ಷಣೆಯೆಂದು ವಯೋವಂದನಾ ಚೀಟಿಯನ್ನು ಸಾರಿದರು. ಇ.ಎಸ್.ಐ. ಇದ್ದವರೂ ಖಾಸಗಿ ಪಾಲಿಸಿ ಇದ್ದವರೂ ಇದನ್ನು ಪಡೆಯಬಹುದೆಂದು ಹೇಳಿದರು. ಆದರೆ ಘೋಷಣೆ ದೆಹಲಿಯದು, ಹಾಸಿಗೆ ಕೋಲಾರದ್ದು. ಚೀಟಿಯಲ್ಲಿ ಬರೆದದ್ದು ಹಾಸಿಗೆಯ ಬಳಿ ನಡೆಯುತ್ತದೆಯೇ ಎಂಬುದನ್ನು ಜಿಲ್ಲಾ ಆಸ್ಪತ್ರೆಯ ಆರೋಗ್ಯಮಿತ್ರರ ಮೇಜಿನ ಮುಂದೆ ನಿಂತು, ಕಾಯಿಲೆ ಬರುವ ಮೊದಲೇ ಕೇಳಿ ತಿಳಿಯಬೇಕು. ಎಪ್ಪತ್ತಕ್ಕೇ ಏಕೆ? ಹಮಾಲಿಯ ಬೆನ್ನು, ಗಿರಣಿಯವನ ಉಸಿರು ಅರವತ್ತಕ್ಕೇ ಮುಗಿದಿರುತ್ತದೆಯಲ್ಲ? ಈ ಪ್ರಶ್ನೆಯನ್ನು ಲೆಕ್ಕ ಹಾಕುವವರಿಗೆ ಕೇಳಬೇಕು.

ಮೂರನೆಯದು ಯಶಸ್ವಿನಿ. 2003ರಲ್ಲಿ ಸಹಕಾರ ಸಂಘಗಳ ಸದಸ್ಯರಾದ ರೈತರಿಗಾಗಿ ಆರಂಭವಾದ ಈ ಯೋಜನೆ 2018ರಲ್ಲಿ ನಿಂತು, 2023ರ ಜನವರಿಯಲ್ಲಿ ಮತ್ತೆ ಜೀವ ತಳೆಯಿತು. ಆಗ ಗೊತ್ತುಮಾಡಿದ ವಂತಿಗೆ, ನಾಲ್ಕು ಜನರ ಕುಟುಂಬಕ್ಕೆ ಹಳ್ಳಿಯಲ್ಲಿ 500, ಪಟ್ಟಣದಲ್ಲಿ 1,000 ರೂಪಾಯಿ. ಸಹಕಾರ ಸಂಘದಲ್ಲಿ ಸದಸ್ಯರಾದ ಸಣ್ಣ ವ್ಯಾಪಾರಿಗಳು ಇದನ್ನು ವಿಚಾರಿಸದೆ ಬಿಡಬಾರದು. ಪ್ರತಿಯೊಬ್ಬರೂ ಸ್ವಲ್ಪ ಹಾಕಿ ಕಾಯಿಲೆ ಬಿದ್ದವನನ್ನು ಎತ್ತುವುದು: ಇದು ಜೂಜಲ್ಲ, ಇದೇ ಸಹಕಾರ.

ಇಷ್ಟರ ಮೇಲೂ ಕೊರತೆ ಉಳಿದರೆ, ಕೈಯಲ್ಲಿ ಹಣವೂ ಇದ್ದರೆ, ಕಂಪನಿಯ ಪಾಲಿಸಿಯ ಮಾತು. ಅರವತ್ತೈದು ದಾಟಿದವರಿಗೆ ವಿಮೆಯಿಲ್ಲವೆಂಬ ಹಳೆಯ ಮಾತನ್ನು ನಂಬಬೇಡಿರಿ. 2024ರ ಏಪ್ರಿಲ್‌ನಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರದವರು ಆ ವಯಸ್ಸಿನ ಕಟ್ಟನ್ನು ಬಿಚ್ಚಿದರು. ಅರವತ್ತು ತುಂಬಿದವರ ಕಂತನ್ನು ತಮ್ಮನ್ನು ಕೇಳದೆ ವರ್ಷಕ್ಕೆ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಏರಿಸಕೂಡದೆಂದು 2025ರ ಜನವರಿಯಲ್ಲಿ ಆಜ್ಞೆ ಮಾಡಿದರು. ಅದೇ ವರ್ಷ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಪಾಲಿಸಿಗಳ ಮೇಲಿನ ನೂರಕ್ಕೆ ಹದಿನೆಂಟರ ತೆರಿಗೆ ಹೋಯಿತು. ಇವೆಲ್ಲ ಒಳ್ಳೆಯದೇ. ಆದರೆ ಪಾಲಿಸಿಯ ಮುಖಪುಟದಲ್ಲಿರುವ ದಪ್ಪ ಅಕ್ಷರದ ಮೊತ್ತವನ್ನು ನೋಡಿ ಮೋಸಹೋಗಬಾರದು. ನಾವು ಹಿಂದೆ ಹಲಗೆಯ ಮೇಲೆ ಲೆಕ್ಕ ಕಲಿಸುತ್ತಿದ್ದವರು. ಆದ್ದರಿಂದ ಒಂದು ಲೆಕ್ಕ ಹಾಕಿ ತೋರಿಸುತ್ತೇವೆ.

ಎರಡು ಲಕ್ಷದ ಪಾಲಿಸಿ. ಕೋಣೆಯ ಬಾಡಿಗೆಗೆ ದಿನಕ್ಕೆ ನೂರಕ್ಕೆ ಒಂದರ ಮಿತಿ, ಅಂದರೆ 2,000 ರೂಪಾಯಿ. ನೂರಕ್ಕೆ ಇಪ್ಪತ್ತು ರೋಗಿಯ ಪಾಲು. ಮುದುಕರಿಗೆ ಐದು ದಿನ ದಿನಕ್ಕೆ 4,000ದ ಕೋಣೆ ಕೊಟ್ಟರು. ಬಿಲ್ಲು: ಕೋಣೆಗೆ 20,000; ವೈದ್ಯರು, ಶಸ್ತ್ರಚಿಕಿತ್ಸೆ, ದಾದಿಯರು ಎಂದು 60,000; ಔಷಧಿಗೆ 40,000; ಒಟ್ಟು 1,20,000. ಕೋಣೆ ಮಿತಿಗೆ ಎರಡರಷ್ಟಾದ್ದರಿಂದ ಕೋಣೆಯದಷ್ಟೇ ಅಲ್ಲ, ವೈದ್ಯರ ಬಾಬತ್ತೂ ಅರ್ಧಕ್ಕೆ ಇಳಿಯುತ್ತದೆ. ಆಗ 10,000, 30,000, 40,000 ಕೂಡಿ 80,000. ಅದರಲ್ಲಿ ರೋಗಿಯ ಪಾಲು 16,000 ಕಳೆದರೆ ಕಂಪನಿ ಕೊಡುವುದು 64,000. ಮಿಕ್ಕ 56,000 ಮನೆಯಿಂದ ಬರಬೇಕು. ಪಾಲಿಸಿಯ ಮೊತ್ತ ಎರಡು ಲಕ್ಷ. ಬಿಲ್ಲು ಅದರೊಳಗೇ ಇದೆ. ಆದರೂ ಮನೆಯ ಒಡವೆ ಅಡವಿಗೆ ಹೋಗುತ್ತದೆ. ಈ ಕೋಣೆಯ ಕಟ್ಟಳೆ ಒಂದೇ ಸಾಲಿನಲ್ಲಿ, ಒಳಗಿನ ಪುಟದಲ್ಲಿ ಇರುತ್ತದೆ.

ಆದ್ದರಿಂದ ರುಜುವಿಗೆ ಮೊದಲು ಕೇಳತಕ್ಕ ಪ್ರಶ್ನೆಗಳು ಇವು. ಕೋಣೆಗೆ ಮಿತಿಯಿದೆಯೇ? ರೋಗಿಯ ಪಾಲು ಎಷ್ಟು? ಕಣ್ಣಿನ ಪೊರೆ, ಮಂಡಿಯ ಚಿಕಿತ್ಸೆಗಳಿಗೆ ಬೇರೆ ಮಿತಿಯಿದೆಯೇ? ಈಗಾಗಲೇ ಇರುವ ಸಕ್ಕರೆ, ರಕ್ತದೊತ್ತಡಗಳಿಗೆ ಎಷ್ಟು ವರ್ಷ ಕಾಯಬೇಕು? ಮೂರು ವರ್ಷಕ್ಕಿಂತ ಹೆಚ್ಚು ಕಾಯಿಸಕೂಡದೆಂಬುದು 2024ರ ನಿಯಮ. ಕೋಲಾರ ಜಿಲ್ಲೆಯಲ್ಲಿ ನಗದಿಲ್ಲದೆ ಸೇರಿಸಿಕೊಳ್ಳುವ ಆಸ್ಪತ್ರೆ ಯಾವುದು? ಇದಕ್ಕೆ ಉತ್ತರವಿಲ್ಲದ ಪಾಲಿಸಿ ಎಷ್ಟು ಅಗ್ಗವಾದರೂ ನಮಗೆ ದುಬಾರಿ. ಹೋಲಿಸಿ ನೋಡುವುದಕ್ಕೆ, ಎಲ್ಲ ಕಂಪನಿಗಳೂ ಒಂದೇ ಕರಾರಿನಲ್ಲಿ ಮಾರುವಂತೆ 2020ರಲ್ಲಿ ಗೊತ್ತುಮಾಡಿದ ಆರೋಗ್ಯ ಸಂಜೀವಿನಿ ಎಂಬ ಸಾದಾ ಪಾಲಿಸಿಯಿದೆ. ಅದರಲ್ಲಿ ರೋಗಿಯ ಪಾಲು ನೂರಕ್ಕೆ ಐದು.

ಇನ್ನೊಂದು ಎಚ್ಚರಿಕೆ. “ಸಕ್ಕರೆ ಕಾಯಿಲೆ ಇದೆಯೆಂದು ಬರೆಯಬೇಡಿ, ಕಂತು ಹೆಚ್ಚಾಗುತ್ತದೆ” ಎಂದು ಏಜೆಂಟ ಹೇಳಿದರೆ ಅವನನ್ನು ಬಾಗಿಲಿನಿಂದಲೇ ಕಳುಹಿಸಿರಿ. ನಮಗೆ ಬೇಕಾದ ಒಬ್ಬ ಹಿರಿಯರು, ಐವತ್ತು ವರ್ಷ ತಕ್ಕಡಿ ಹಿಡಿದು ಒಂದು ತೂಕವೂ ತಪ್ಪದವರು, ಇಂಥ ಮಾತಿಗೆ ಒಪ್ಪಿ ರುಜು ಹಾಕಿದರು. ಎರಡನೆಯ ವರ್ಷ ಹೃದಯದ ಚಿಕಿತ್ಸೆಗೆ ಹೋದಾಗ ಹಳೆಯ ಔಷಧಿ ಚೀಟಿ ಹೊರಬಿತ್ತು, ಹಣ ಬರಲಿಲ್ಲ. ಹಣ ಹೋದದ್ದಕ್ಕಿಂತ, ಸುಳ್ಳುಗಾರನೆಂದು ಕಾಗದದಲ್ಲಿ ಬರೆಸಿಕೊಂಡದ್ದು ಅವರನ್ನು ಹೆಚ್ಚು ನೋಯಿಸಿತು. ಸುಳ್ಳು ಏಜೆಂಟನದು, ರುಜು ಮುದುಕರದು. ಇದ್ದ ಕಾಯಿಲೆಯನ್ನೆಲ್ಲ ಬರೆಯಿರಿ. ಅಷ್ಟಾದಮೇಲೂ ಅನ್ಯಾಯವಾದರೆ ಕಂಪನಿಗೆ ಲಿಖಿತ ದೂರು ಕೊಡಿರಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಬಂದ ಉತ್ತರ ಸರಿಕಾಣದಿದ್ದರೆ, ಬೆಂಗಳೂರಿನಲ್ಲಿ ವಿಮಾ ಒಂಬುಡ್ಸ್‌ಮನ್ ಕಚೇರಿಯಿದೆ. ಅಲ್ಲಿ ವಕೀಲರೂ ಬೇಡ, ಶುಲ್ಕವೂ ಇಲ್ಲ.

ಇಷ್ಟೆಲ್ಲ ಆರಿಸಿಕೊಂಡರೂ ಒಂದು ಸತ್ಯ ಉಳಿಯುತ್ತದೆ. ಮುಪ್ಪಿನ ಖರ್ಚೆಂದರೆ ವರ್ಷಕ್ಕೊಮ್ಮೆ ಮಲಗುವ ಹಾಸಿಗೆಯಷ್ಟೇ ಅಲ್ಲ, ದಿನದಿನದ ಮಾತ್ರೆ. ಅದನ್ನು ಸಾಮಾನ್ಯ ಪಾಲಿಸಿ ಕೊಡುವುದಿಲ್ಲ. ಭವಿಷ್ಯನಿಧಿ ಪಿಂಚಣಿಯ ಕನಿಷ್ಠವನ್ನು 2014ರಲ್ಲಿ ತಿಂಗಳಿಗೆ ಸಾವಿರ ರೂಪಾಯಿಯೆಂದು ಕಟ್ಟಿದರು. ಅದನ್ನೇ ನಂಬಿದವನು ಮಾತ್ರೆ ಕೊಳ್ಳಬೇಕೋ, ಕಂತು ಕಟ್ಟಬೇಕೋ, ಅಕ್ಕಿ ತರಬೇಕೋ? ಮನೆಮನೆಗೆ ಹೋಗಿ ರಕ್ತದೊತ್ತಡ, ಸಕ್ಕರೆ ಪರೀಕ್ಷಿಸಿ ಔಷಧ ಕೊಡುವ ಗೃಹ ಆರೋಗ್ಯ ಯೋಜನೆಯನ್ನು 2024ರಲ್ಲಿ ರಾಜ್ಯ ಸರ್ಕಾರದವರು ಮೊದಲು ಆರಂಭಿಸಿದ್ದು ನಮ್ಮ ಕೋಲಾರ ಜಿಲ್ಲೆಯಲ್ಲಿ. ಅದು ನಿಮ್ಮ ಬೀದಿಗೆ ಬಂದಿದೆಯೇ? ಬಾರದಿದ್ದರೆ ಕೇಳಿರಿ. ಇದು ಭಿಕ್ಷೆಯಲ್ಲ.

ಬ್ರಿಟನ್ನಿನ ವೇಲ್ಸ್ ಸೀಮೆಯಲ್ಲಿ ಟ್ರೆಡೆಗರ್ ಎಂಬ ಕಲ್ಲಿದ್ದಲ ಗಣಿಯ ಊರಿದೆ. ಅಲ್ಲಿನ ಗಣಿಗಾರರು ತಮ್ಮ ಕೂಲಿಯಲ್ಲಿ ಕೆಲವು ಕಾಸು ಕೂಡಿಹಾಕಿ ವೈದ್ಯರನ್ನು ತಾವೇ ಇಟ್ಟುಕೊಂಡರು. ಆ ಊರಿನ ಗಣಿಗಾರನ ಮಗ, ತಾನೂ ಹುಡುಗನಾಗಿ ಗಣಿಗಿಳಿದ ಅನ್ಯೂರಿನ್ ಬೆವನ್, ಮುಂದೆ ಆರೋಗ್ಯ ಮಂತ್ರಿಯಾಗಿ 1948ರ ಜುಲೈ 5ರಂದು ಆ ಏರ್ಪಾಡನ್ನು ಇಡೀ ದೇಶಕ್ಕೆ ಹರಡಿದ. ಬಂಡವಾಳದ ತವರಾದ ಅಮೆರಿಕವೂ 1965ರಲ್ಲಿ, ಅರವತ್ತೈದು ದಾಟಿದವರನ್ನು ಮಾರುಕಟ್ಟೆಯ ಕೈಗೇ ಬಿಡಲಾಗದೆಂದು ಕಾನೂನು ಮಾಡಿತು. ಅಲ್ಲಿಯೂ ಗಣಿ, ಇಲ್ಲಿಯೂ ಗಣಿ. ಅಲ್ಲಿಯವರು ತಮ್ಮ ಏರ್ಪಾಡನ್ನು ತಾವೇ ಕಟ್ಟಿ ದೇಶಕ್ಕೆ ಕೊಟ್ಟರು. ಇಲ್ಲಿ ನಾವು ಕಂಪನಿಯ ಕಟ್ಟಡವನ್ನು ನಮ್ಮದೆಂದು ನಂಬಿ ಕುಳಿತೆವು.

ಆ ಕಟ್ಟಡವೂ ಸತ್ತಿಲ್ಲ. 2021ರ ಕೋವಿಡ್ ಕಾಲದಲ್ಲಿ, ವರ್ಷಗಟ್ಟಲೆ ಮುಚ್ಚಿದ್ದ ಗಣಿ ಆಸ್ಪತ್ರೆಯನ್ನು ಸ್ವಯಂಸೇವಕರು ಗುಡಿಸಿ, ತೊಳೆದು, ಹಾಸಿಗೆ ಹಾಕಿ ನಿಲ್ಲಿಸಿದರು. ಸಾಂಕ್ರಾಮಿಕಕ್ಕೆ ಆಗುವುದಾದರೆ ಮುಪ್ಪಿಗೆ ಏಕಾಗದು? ಗಣಿಯ ಧೂಳು ಕುಡಿದವರಿಗೆ ಎದೆರೋಗದ ಆಸ್ಪತ್ರೆ ಈ ನೆಲದಲ್ಲೇ ಬೇಕು. ಎಪ್ಪತ್ತರ ಗೆರೆ ಅರವತ್ತಕ್ಕೆ ಇಳಿಯಬೇಕು. ಚಿಲ್ಲರೆ ವ್ಯಾಪಾರಿಗೂ ಇ.ಎಸ್.ಐ.ಯಂಥ ವಂತಿಗೆಯ ಹಕ್ಕು ಬೇಕು. ಇದಕ್ಕಾಗಿ ಹೋರಾಡೋಣ.

ಹೋರಾಟ ನಡೆಯುವತನಕ ಮನೆಯ ಮುದುಕರನ್ನು ಬರಿಗೈಯಲ್ಲಿ ಬಿಡುವುದು ಬೇಡ. ಇ.ಎಸ್.ಐ. ಚೀಟಿ, ಪಡಿತರ ಚೀಟಿ, ಯಾರೋ ಕೊಟ್ಟುಹೋದ ಪಾಲಿಸಿಯ ಕಾಗದ, ಯಾವುದಿದ್ದರೂ ತೆಗೆದುಕೊಂಡು ನಮ್ಮ ಕಚೇರಿಗೆ ಬನ್ನಿರಿ. ಸಣ್ಣ ಅಕ್ಷರವನ್ನು ಗಟ್ಟಿಯಾಗಿ ಓದಿ ಹೇಳುವುದು ನಮ್ಮ ಹಳೆಯ ಕಸುಬು; ಅದನ್ನು ನಾವಿನ್ನೂ ಮರೆತಿಲ್ಲ.