ಕುಂಡಕ್ಕೆ ಸುರಿಯುವ ಮಣ್ಣು ಎಲ್ಲಿಯದು, ಕೇಳಿ

ತಾರಸಿಯಲ್ಲಿ ತರಕಾರಿ ಬೆಳೆಯಲು ಹೊರಟಿರುವ ಬೆಂಗಳೂರಿಗರಲ್ಲಿ ಒಂದು ವಿನಂತಿ. ಬೀಜ ಯಾವ ಕಂಪನಿಯದೆಂದು ನಾಲ್ಕು ಕಡೆ ವಿಚಾರಿಸುತ್ತೀರಿ. ಮಣ್ಣು ತಂದು ಸುರಿಯುವವರನ್ನು ಮಾತ್ರ ಏನೂ ಕೇಳುವುದಿಲ್ಲ. ಇದು ಎಲ್ಲಿಂದ ಬಂತು ಎಂದು ದಯವಿಟ್ಟು ಕೇಳಿ.

“ಕೆರೆ ಗೋಡು ಸಾರ್, ಒಳ್ಳೆ ಸಾರ ಇದೆ” ಎಂದರೆ ಬೇಡವೆನ್ನಿ. ಬೇಸಿಗೆಯಲ್ಲಿ ಕೆರೆ ಗೋಡು ತೆಗೆದು ಹೊಲಕ್ಕೆ ಹೊಡೆಯುವುದು ಬಯಲುಸೀಮೆಯ ಹಳೆಯ ಪದ್ಧತಿ, ನಿಜ. ಆದರೆ ಆ ಕೆರೆಗಳಿಗೆ ಬರುತ್ತಿದ್ದುದು ಮಳೆನೀರು. ಬೆಳ್ಳಂದೂರು, ವರ್ತೂರು ಕೆರೆಗಳಿಗೆ ದಶಕಗಳ ಕಾಲ ಹರಿದದ್ದು ಒಳಚರಂಡಿಯ, ಕಾರ್ಖಾನೆಗಳ ನೀರು. 2017ರ ಫೆಬ್ರುವರಿಯಲ್ಲಿ ಬೆಳ್ಳಂದೂರು ಕೆರೆ ಹೊತ್ತಿ ಉರಿದದ್ದನ್ನು ಊರೆಲ್ಲ ನೋಡಿದೆ. ಅಂಥ ಹೂಳಿನಲ್ಲಿ ಸೀಸ, ಕ್ಯಾಡ್ಮಿಯಂನಂಥ ಲೋಹಗಳು ಉಳಿದುಬಿಡುತ್ತವೆ. ಅವನ್ನು ಸುಲಭವಾಗಿ ಹೀರಿಕೊಳ್ಳುವುದು ಸೊಪ್ಪು. ನಾವು ಮೊದಲು ಬಿತ್ತುವುದೂ ಸೊಪ್ಪನ್ನೇ!

ಕೆಮ್ಮಣ್ಣಿನ ಹೆಸರಲ್ಲಿ ಪಾಯ ತೋಡಿದ ಮಣ್ಣೂ ಬರುತ್ತದೆ. ಅದರಲ್ಲಿ ಸಾರವಿರುವುದಿಲ್ಲ. ಒಳ್ಳೆಯ ಕೆಮ್ಮಣ್ಣಾದರೂ ಅದೊಂದನ್ನೇ ತುಂಬಿದರೆ ಕುಂಡದೊಳಗೆ ಗಟ್ಟಿಯಾಗಿ ಬೇರಿಗೆ ಗಾಳಿಯಾಡದು. ಇಪ್ಪತ್ತು ಲೀಟರಿನ ಚೀಲ ನೆನೆದಾಗ ಸುಮಾರು 35 ಕಿಲೋ ತೂಗುತ್ತದೆ. ತಾರಸಿಯ ಗತಿಯನ್ನೂ ಯೋಚಿಸಬೇಕಲ್ಲ.

ಕೆಮ್ಮಣ್ಣು, ತೆಂಗಿನ ನಾರಿನ ಪುಡಿ, ಗೊಬ್ಬರ ಸಮಸಮ ಬೆರೆಸಿ, ಚೀಲಕ್ಕೊಂದು ಹಿಡಿ ಬೇವಿನ ಹಿಂಡಿ ಹಾಕಿ. ಕೊಕೊಪೀಟ್ ಎಂದು ಇಟ್ಟಿಗೆಯಾಗಿ ಮಾರುವ ಆ ಪುಡಿಯಲ್ಲಿ ಉಪ್ಪಿರುತ್ತದೆ. ನೆನೆಸಿ, ಕಂದು ನೀರು ತಿಳಿಯಾಗುವವರೆಗೆ ಎರಡು ಮೂರು ಸಲ ಬಸಿಯಿರಿ. ಬೆರೆಸಿದ ಮಣ್ಣನ್ನು ತುಸು ನೆನೆಸಿ ಮುಷ್ಟಿಯಲ್ಲಿ ಹಿಂಡಿ: ಉಂಡೆ ಕಟ್ಟಬೇಕು, ಬೆರಳಲ್ಲಿ ಮುಟ್ಟಿದರೆ ಉದುರಬೇಕು. ಒಂದು ಚೊಂಬು ನೀರು ಹೊಯ್ದರೆ ನೋಡನೋಡುತ್ತಲೇ ಇಂಗಿ ತಳದ ತೂತಿನಿಂದ ತೊಟ್ಟಿಕ್ಕಬೇಕು. ಸೊಪ್ಪಿಗೆ ಅರ್ಧ ಅಡಿ ಆಳ ಸಾಕು, ಟೊಮೆಟೊ, ಬದನೆಗೆ ಒಂದಡಿ ಬೇಕು.

ಗೊಬ್ಬರ ಕೊಳ್ಳಲೇಬೇಕೆಂದಿಲ್ಲ. ಅಡುಗೆಮನೆಯ ಹಸಿ ಕಸವಿದೆ. ಫೆಬ್ರುವರಿ, ಮಾರ್ಚ್‌ನಲ್ಲಿ ರಸ್ತೆ ತುಂಬ ಬೀಳುವ ತರಗೆಲೆಯಿದೆ. ಅದನ್ನು ಮೂಲೆಗೆ ಗುಡಿಸಿ ಬೆಂಕಿ ಹಚ್ಚುವುದು ಇನ್ನೂ ನಿಂತಿಲ್ಲ. ಬೆಳೆ ಮುಗಿದ ಹಳೆಯ ಮಣ್ಣನ್ನು ಮೋರಿಗೆ ಸುರಿಯಬೇಡಿ. ಒಂದು ವಾರ ಬಿಸಿಲಿಗೆ ಹರವಿ, ಹೊಸ ಗೊಬ್ಬರ ಬೆರೆಸಿ. ಟೊಮೆಟೊ ಬೆಳೆದಿದ್ದಲ್ಲಿ ಈ ಸಲ ಬೀನ್ಸ್ ಹಾಕಿ, ಮೆಣಸಿನಕಾಯಿ, ಬದನೆ ಬೇಡ. ಮೂರೂ ಒಂದೇ ಕುಲ, ಸೊರಗು ರೋಗ ಮೂರಕ್ಕೂ ತಗಲುತ್ತದೆ.

ನಿಮ್ಮ ಬಡಾವಣೆಯ ಸಂಘದವರ ಮುಂದಿನ ಸಭೆಯಲ್ಲಿ ತರಗೆಲೆಗೊಂದು ತೊಟ್ಟಿ ಇಡುವ ವಿಷಯ ಎತ್ತಿ. ಉದ್ಯಾನದ ಒಂದು ಮೂಲೆ ಸಾಕು.