ಮರೆತವನ ಹಣವೂ ಪರಧನವೇ

ಶ್ರಾವಕನು ಸ್ವೀಕರಿಸುವ ಐದು ಅಣುವ್ರತಗಳಲ್ಲಿ ಅಚೌರ್ಯವು ಮೂರನೆಯದು. ಉಳಿದ ನಾಲ್ಕಕ್ಕಿಂತ ಇದರ ಪಾಲನೆ ಸುಲಭವೆಂದು ಭಾವಿಸುವವರೇ ಹೆಚ್ಚು. ಕೋಪ ಬಂದಾಗ ಅಹಿಂಸೆ ಕದಲುತ್ತದೆ, ಲಾಭ ಕಂಡಾಗ ಸತ್ಯ ಸಡಿಲವಾಗುತ್ತದೆ, ಪರಿಗ್ರಹದ ಮಿತಿಯಂತೂ ಗೃಹಸ್ಥನಿಗೆ ನಿತ್ಯದ ಹೋರಾಟ. ಆದರೆ ಅಚೌರ್ಯದ ಮಾತು ಬಂದಾಗ, ‘ನಾವೇನು ಕನ್ನ ಹಾಕುವವರೇ?’ ಎಂಬ ಸಮಾಧಾನದಿಂದ ವ್ರತವನ್ನು ಪರೀಕ್ಷೆಗೇ ಒಡ್ಡದೆ ಮುಂದೆ ಸಾಗುತ್ತೇವೆ. ಇಂದಿನ ಕಳವಿಗೆ ಕತ್ತಲೆಯೂ ಬೇಕಿಲ್ಲ, ಗೋಡೆ ಒಡೆಯುವುದೂ ಬೇಕಿಲ್ಲ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಹಳ್ಳಿಹಳ್ಳಿಗೂ ಮೊಬೈಲ್ ಮೂಲಕ ಹಣ ಪಾವತಿಸುವ ರೂಢಿ ಬಂದಿದೆ. ಮಗಳ ಪರೀಕ್ಷಾ ತಯಾರಿಗೆಂದು ತಂದೆಯೊಬ್ಬನು ಒಂದು ಆ್ಯಪ್‌ಗೆ ಸೇರುತ್ತಾನೆ ಎನ್ನಿ. ಮೊದಲ ವಾರಕ್ಕೆ ಒಂದೇ ರೂಪಾಯಿ. ಅದಕ್ಕಾಗಿ ಕಾರ್ಡಿನ ವಿವರ ಕೊಡಬೇಕು. ಪರೀಕ್ಷೆ ಮುಗಿಯುತ್ತದೆ, ಆ್ಯಪ್ ತೆರೆಯುವವರಿಲ್ಲ. ಆದರೂ ತಿಂಗಳು ತಿಂಗಳಿಗೆ ಖಾತೆಯಿಂದ ನೂರಾರು ರೂಪಾಯಿ ಕಡಿತವಾಗುತ್ತಲೇ ಇರುತ್ತದೆ. ಇಂಗ್ಲಿಷಿನಲ್ಲಿ ಬಂದ ಸಂದೇಶವನ್ನು ಅವನು ಓದುವುದಿಲ್ಲ. ನಿಲ್ಲಿಸುವ ಗುಂಡಿ ಎಲ್ಲಿದೆಯೆಂದು ಅವನಿಗೆ ತಿಳಿಯುವುದಿಲ್ಲ. ಕೇಳಿದರೆ ಸಂಸ್ಥೆ ಹೇಳುವುದು ಒಂದೇ ಮಾತು: ‘ನೀವೇ ಒಪ್ಪಿದ್ದೀರಿ.’ ಇದನ್ನು ವ್ಯಾಪಾರವೆನ್ನಬೇಕೇ, ಕಳವೆನ್ನಬೇಕೇ?

ತತ್ತ್ವಾರ್ಥಸೂತ್ರವನ್ನು ರಚಿಸಿದ ಉಮಾಸ್ವಾಮಿಗಳು ಕಳವನ್ನು ನಿರೂಪಿಸುವಾಗ ರಾತ್ರಿಯನ್ನಾಗಲಿ ಬಲಾತ್ಕಾರವನ್ನಾಗಲಿ ಹೇಳಲಿಲ್ಲ. ಕೊಡದಿದ್ದುದನ್ನು ತೆಗೆದುಕೊಳ್ಳುವುದೇ ಕಳವು, ಅದೇ ಅದತ್ತಾದಾನ ಎಂದರು. ಇಲ್ಲಿ ಪ್ರಶ್ನೆ ವಸ್ತುವಿನ ಬೆಲೆಯದಲ್ಲ, ‘ಕೊಡುವಿಕೆ’ ನಡೆಯಿತೇ ಎಂಬುದು. ಆದ್ದರಿಂದಲೇ ಮುನಿಗಳು ಯಾರೂ ಕೊಡದ ಹುಲ್ಲುಕಡ್ಡಿಯನ್ನೂ ಸ್ವೀಕರಿಸುವುದಿಲ್ಲ.

ಈ ಸೂತ್ರಕ್ಕೆ ಸರ್ವಾರ್ಥಸಿದ್ಧಿಯೆಂಬ ವ್ಯಾಖ್ಯಾನವನ್ನು ಬರೆದ ಪೂಜ್ಯಪಾದಾಚಾರ್ಯರು ಒಂದು ಸೂಕ್ಷ್ಮ ಶಂಕೆಯನ್ನು ಎತ್ತುತ್ತಾರೆ. ಭಿಕ್ಷೆಗೆ ಹೊರಟ ಮುನಿಯು ಊರ ಬೀದಿಯಲ್ಲಿ ನಡೆಯುತ್ತಾನೆ, ಬಾಗಿಲುಗಳನ್ನು ದಾಟುತ್ತಾನೆ. ಅವುಗಳನ್ನು ಅವನಿಗೆ ಯಾರೂ ಕೊಟ್ಟಿಲ್ಲವಲ್ಲ, ಅದು ಕಳವಾಗದೇ? ಆಗದು, ಏಕೆಂದರೆ ಅವು ಎಲ್ಲರಿಗೂ ತೆರೆದಿಟ್ಟವು. ಮುಚ್ಚಿದ ಬಾಗಿಲೊಳಗೆ ಮಾತ್ರ ಅವನು ಕಾಲಿಡುವುದಿಲ್ಲ ಎಂಬುದು ಅವರ ಸಮಾಧಾನ. ಇದನ್ನು ಇಂದಿಗೆ ಅನ್ವಯಿಸಿ ನೋಡೋಣ. ಗ್ರಾಹಕನು ಒಂದು ಖರೀದಿಗಾಗಿ ತನ್ನ ಖಾತೆಯ ಬಾಗಿಲನ್ನು ತೆರೆದನು. ಖರೀದಿ ಮುಗಿದೊಡನೆ ಆ ಬಾಗಿಲು ಮುಚ್ಚಿತು. ಸಂಖ್ಯೆ ತನ್ನ ಬಳಿ ಇದೆಯೆಂದು ವ್ಯಾಪಾರಿ ಮತ್ತೆ ಒಳಹೊಕ್ಕರೆ, ಅವನು ಹೊಕ್ಕಿದ್ದು ಮುಚ್ಚಿದ ಬಾಗಿಲನ್ನು.

‘ಗ್ರಾಹಕ ಬೇಡವೆನ್ನಲಿಲ್ಲವಲ್ಲ’ ಎಂಬ ವಾದಕ್ಕೂ ಆಚಾರ್ಯರಲ್ಲಿ ಉತ್ತರವಿದೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ, ಪರರು ಇಟ್ಟದ್ದು, ಬೀಳಿಸಿಕೊಂಡದ್ದು, ಮರೆತದ್ದು ಈ ಮೂರನ್ನೂ ತಾನು ತೆಗೆದುಕೊಳ್ಳದೆ, ಇನ್ನೊಬ್ಬರಿಗೂ ಕೊಡದೆ ಇರುವುದನ್ನು ಗೃಹಸ್ಥನ ಅಚೌರ್ಯವೆಂದು ತಿಳಿಸಿದ್ದಾರೆ. ಮರೆವು ದಾನವಲ್ಲ, ಮೌನ ಸಮ್ಮತಿಯಲ್ಲ ಎಂಬುದು ಇದರ ತಾತ್ಪರ್ಯ. ಗ್ರಾಹಕನ ಮರೆವನ್ನೇ ಆದಾಯದ ಲೆಕ್ಕಕ್ಕೆ ಹಿಡಿಯುವ ವ್ಯವಹಾರಕ್ಕೆ ಇಲ್ಲಿ ಆಸರೆಯಿಲ್ಲ.

ಇನ್ನೂ ಗಮನಾರ್ಹವಾದ ಸಂಗತಿಯೊಂದಿದೆ. ಇರಿಸಿದ್ದನ್ನು ನುಂಗುವ ‘ನ್ಯಾಸಾಪಹಾರ’ವನ್ನು ಆಚಾರ್ಯರು ಅಚೌರ್ಯದ ಅಡಿಯಲ್ಲಿ ಅಲ್ಲ, ಸತ್ಯಾಣುವ್ರತದ ಅತಿಚಾರಗಳಲ್ಲಿ ಎಣಿಸಿದ್ದಾರೆ. ಪೂಜ್ಯಪಾದರ ವಿವರಣೆ ಹೀಗಿದೆ: ಒಬ್ಬನು ಹೊನ್ನನ್ನು ಇರಿಸಿ, ಎಷ್ಟು ಇರಿಸಿದೆನೆಂಬುದನ್ನು ಮರೆತು, ಕಡಿಮೆ ಕೇಳುತ್ತಾನೆ. ಇಟ್ಟುಕೊಂಡವನು ‘ಹೌದು, ಅಷ್ಟೇ’ ಎನ್ನುತ್ತಾನೆ. ಅವನು ಕೈಯಿಟ್ಟು ಕದಿಯಲಿಲ್ಲ. ಮರೆವಿಗೆ ಹೂಂಗುಟ್ಟಿದನು, ಅಷ್ಟೇ. ಅದೇ ಸಾಲಿನ ಇನ್ನೊಂದು ಅತಿಚಾರ ‘ಕೂಟಲೇಖಕ್ರಿಯೆ’. ಒಬ್ಬನು ಆಡದ ಮಾತನ್ನು, ಮಾಡದ ಕಾರ್ಯವನ್ನು, ಅವನು ಆಡಿದನೆಂದೂ ಮಾಡಿದನೆಂದೂ ವಂಚನೆಗಾಗಿ ಬರೆದಿಡುವುದು. ಗ್ರಾಹಕನು ಮುಟ್ಟುವ ಮೊದಲೇ ಗುರುತು ಹಾಕಿಟ್ಟ ‘ಒಪ್ಪಿದ್ದೇನೆ’ ಎಂಬ ಚೌಕಕ್ಕೆ ಇದಕ್ಕಿಂತ ಸರಿಯಾದ ಹೆಸರು ಸಿಕ್ಕೀತೇ? ಇಂತಹ ವ್ಯವಹಾರದಲ್ಲಿ ಹಣದ ಜೊತೆಗೆ ಸತ್ಯವೂ ಅಪಹೃತವಾಗುತ್ತದೆ.

ಕೀಲಿಯ ಮಾತು ನಮ್ಮ ಜಿಲ್ಲೆಗೆ ಹೊಸದಲ್ಲ. 2025ರ ಮೇ ತಿಂಗಳಲ್ಲಿ ಬಸವನ ಬಾಗೇವಾಡಿ ತಾಲ್ಲೂಕಿನ ಮನಗೂಳಿಯ ಕೆನರಾ ಬ್ಯಾಂಕ್ ಶಾಖೆಯಿಂದ ಸುಮಾರು 59 ಕಿಲೋಗ್ರಾಂ ಚಿನ್ನ ಕಳುವಾಯಿತು. ಜನರು ನಂಬಿ ಅಡವಿಟ್ಟ ಆಭರಣಗಳವು. ನಕಲಿ ಕೀಲಿಗಳನ್ನು ಬಳಸಲಾಗಿತ್ತೆಂದು ಪೊಲೀಸರು ತಿಳಿಸಿದರು. ನ್ಯಾಯಾಲಯ ಮಾಡುವ ನಿರ್ಣಯ ಹೇಗೇ ಇರಲಿ, ಆ ಘಟನೆ ಜನಮನದಲ್ಲಿ ಉಳಿಸಿದ ಪಾಠ ಒಂದಿದೆ: ಕೀಲಿಯ ನಕಲು ಉಳಿದಿರುವಷ್ಟು ಕಾಲ ತಿಜೋರಿ ಭದ್ರವಲ್ಲ. ಅಂಗಡಿಯವನಲ್ಲಿ ಉಳಿದ ಕಾರ್ಡಿನ ವಿವರವೂ ನಮ್ಮ ತಿಜೋರಿಯ ನಕಲಿ ಕೀಲಿಯೇ. ಇಟ್ಟುಕೊಂಡವನು ಸಜ್ಜನನೇ ಆಗಿದ್ದರೂ ಅಪಾಯ ತಪ್ಪದು. 2020ರ ಆಗಸ್ಟಿನಲ್ಲಿ ಬೆಂಗಳೂರಿನ ಪಾವತಿ ಸಂಸ್ಥೆ ಜಸ್‌ಪೇಯಿಂದ ಮಾಹಿತಿ ಸೋರಿಕೆಯಾದಾಗ, ಕೆಲವು ಅಂಕಿಗಳನ್ನು ಮರೆಮಾಡಿದ ಕಾರ್ಡ್ ವಿವರಗಳ ಸುಮಾರು 3.5 ಕೋಟಿ ದಾಖಲೆಗಳು ಹೊರಬಿದ್ದವೆಂದು ಸಂಸ್ಥೆಯೇ ಒಪ್ಪಿಕೊಂಡಿತು.

ಧರ್ಮಶಾಸ್ತ್ರ ಅಂದು ಹೇಳಿದ್ದನ್ನು ರಾಜ್ಯಶಾಸನ ಇಂದು ಹೇಳತೊಡಗಿದೆ. 2021ರ ಅಕ್ಟೋಬರ್ 1ರಿಂದ, ಕಾರ್ಡಿನಿಂದ ಮತ್ತೆ ಮತ್ತೆ ಹಣ ಕಡಿತವಾಗುವ ದೇಶೀಯ ವ್ಯವಹಾರಗಳಿಗೆ ಗ್ರಾಹಕನು ಮೊದಲು ಒಟಿಪಿಯಂಥ ದೃಢೀಕರಣದೊಂದಿಗೆ ಒಪ್ಪಿಗೆ ನೋಂದಾಯಿಸಬೇಕು, ಕಡಿತಕ್ಕೆ 24 ಗಂಟೆ ಮುಂಚೆ ಅವನಿಗೆ ತಿಳಿಸಬೇಕು ಎಂಬ ರಿಸರ್ವ್ ಬ್ಯಾಂಕಿನ ನಿಯಮ ಜಾರಿಯಾಯಿತು. 2022ರ ಅಕ್ಟೋಬರ್ 1ರಿಂದ ಕಾರ್ಡ್ ಕೊಟ್ಟ ಬ್ಯಾಂಕು ಹಾಗೂ ಕಾರ್ಡ್ ಜಾಲಗಳ ಹೊರತು ಬೇರಾವ ವ್ಯಾಪಾರಿಯೂ ಕಾರ್ಡಿನ ಪೂರ್ಣ ಸಂಖ್ಯೆಯನ್ನು ಸಂಗ್ರಹಿಸುವಂತಿಲ್ಲ. ಅದರ ಬದಲು ಟೋಕನ್, ಅದಕ್ಕೂ ಗ್ರಾಹಕನ ಸ್ಪಷ್ಟ ಒಪ್ಪಿಗೆ. 2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಗ್ರಾಹಕರನ್ನು ದಾರಿತಪ್ಪಿಸುವ 13 ಬಗೆಯ ವಿನ್ಯಾಸಗಳನ್ನು ನಿಷೇಧಿಸಿತು. ಚಂದಾದಾರಿಕೆಯಿಂದ ಹೊರಬರದಂತೆ ಕಟ್ಟಿಹಾಕುವುದೂ, ಕೇಳದ ವಸ್ತುವನ್ನು ಬಿಲ್ಲಿಗೆ ಸೇರಿಸುವುದೂ ಅವುಗಳಲ್ಲಿವೆ. ಅಮೆರಿಕದಲ್ಲಿ, ಗ್ರಾಹಕರನ್ನು ಒಪ್ಪಿಗೆಯಿಲ್ಲದೆ ಪ್ರೈಮ್ ಚಂದಾದಾರಿಕೆಗೆ ಸೇರಿಸಿದ ಆರೋಪದ ಪ್ರಕರಣದಲ್ಲಿ ಅಮೆಜಾನ್ ಸಂಸ್ಥೆಯು 2025ರ ಸೆಪ್ಟೆಂಬರಿನಲ್ಲಿ 250 ಕೋಟಿ ಡಾಲರ್ ತೆರಲು ಒಪ್ಪಿತು. ಅದರಲ್ಲಿ 150 ಕೋಟಿ ಡಾಲರ್ ಗ್ರಾಹಕರಿಗೆ ಹಿಂತಿರುಗಬೇಕಾದ ಹಣ.

ಇದು ದೊಡ್ಡ ಸಂಸ್ಥೆಗಳಿಗೆ ಮಾತ್ರ ಸೇರಿದ ಪಾಪವೆಂದು ನಾವು ನಿಶ್ಚಿಂತರಾಗಬೇಕಿಲ್ಲ. ಜೈನ ಸಮಾಜದಲ್ಲಿ ವ್ಯಾಪಾರಿಗಳು ಬಹಳ. ನಮ್ಮ ಮಕ್ಕಳು ಬೆಂಗಳೂರು, ಪುಣೆಗಳಲ್ಲಿ ಇಂಥ ಆ್ಯಪ್‌ಗಳನ್ನು ರೂಪಿಸುವ ಉದ್ಯೋಗದಲ್ಲಿದ್ದಾರೆ. ಅಚೌರ್ಯದ ಐದು ಅತಿಚಾರಗಳಲ್ಲಿ ಮೊದಲನೆಯದಾದ ಸ್ತೇನಪ್ರಯೋಗವೆಂದರೆ ಕಳವಿಗೆ ಪ್ರೇರೇಪಿಸುವುದು. ಎರಡನೆಯದಾದ ತದಾಹೃತಾದಾನವೆಂದರೆ ಕದ್ದು ತಂದದ್ದನ್ನು ಸ್ವೀಕರಿಸುವುದು. ರದ್ದುಮಾಡುವ ಗುಂಡಿಯನ್ನು ಅಡಗಿಸಿಡಲು ಹೇಳಿದ ಅಧಿಕಾರಿಯೂ, ಹಾಗೆ ಬಂದ ಹಣದ ಪಾಲನ್ನು ತಿಳಿದೂ ಪಡೆದವನೂ ಈ ಎರಡು ಮಾತುಗಳ ಮುಂದೆ ತಮ್ಮನ್ನು ನಿಲ್ಲಿಸಿಕೊಂಡು ನೋಡಬೇಕು. ಸಿಂದಗಿಯ ಅಂಗಡಿಯಲ್ಲಿ ಕುಳಿತು, ಗಿರಾಕಿ ಮರೆತ ಮುಂಗಡವನ್ನು ಲಾಭದ ಲೆಕ್ಕಕ್ಕೆ ಬರೆದುಕೊಂಡವನ ಸ್ಥಿತಿಯೂ ಅದೇ. ಬಾಗೇವಾಡಿಯಲ್ಲಿ ಜನಿಸಿದ ಬಸವಣ್ಣನವರೂ ತಮ್ಮ ಪ್ರಸಿದ್ಧ ವಚನವೊಂದರಲ್ಲಿ ನಿಷೇಧಗಳನ್ನು ಎಣಿಸುವಾಗ ಕಳವನ್ನೇ ಮೊದಲು ಇರಿಸಿದರು. ಈ ವಿಷಯದಲ್ಲಿ ಈ ನೆಲದ ಧರ್ಮಗಳ ನಡುವೆ ಭೇದವಿಲ್ಲ.

ಹಣ ಕಳೆದುಕೊಂಡವರು ನಾಚಿ ಸುಮ್ಮನಿರಬಾರದು. ಕ್ಷಮೆ ಬೇರೆ, ಅನ್ಯಾಯಕ್ಕೆ ಅವಕಾಶ ಕೊಡುವುದು ಬೇರೆ. ತಮ್ಮ ಒಪ್ಪಿಗೆಯಿಲ್ಲದೆ ಹಣ ಹೋದರೆ ಒಡನೆಯೇ ಬ್ಯಾಂಕಿಗೆ ತಿಳಿಸಬೇಕು. ಗ್ರಾಹಕನದೂ ಬ್ಯಾಂಕಿನದೂ ತಪ್ಪಿಲ್ಲದ ಅನಧಿಕೃತ ವ್ಯವಹಾರವನ್ನು ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟ ಗ್ರಾಹಕನ ಮೇಲೆ ಬೀಳದು ಎಂಬುದು ರಿಸರ್ವ್ ಬ್ಯಾಂಕ್ 2017ರಲ್ಲಿ ರೂಪಿಸಿದ ನಿಯಮ. ಸೈಬರ್ ವಂಚನೆಯಾದರೆ 1930, ಚಂದಾದಾರಿಕೆಯ ಮೋಸವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ವಿದೇಶಿ ವ್ಯಾಪಾರಿಗಳು ಒಟಿಪಿ ಇಲ್ಲದೆಯೂ ಕಾರ್ಡಿನಿಂದ ಹಣ ಪಡೆಯುವ ಸಾಧ್ಯತೆ ಇರುವುದರಿಂದ, ಕಾರ್ಡಿನ ಅಂತರರಾಷ್ಟ್ರೀಯ ಬಳಕೆ ಬೇಡವಾದವರು ಅದನ್ನು ಬ್ಯಾಂಕಿನ ಆ್ಯಪ್‌ನಲ್ಲಿ ಮುಚ್ಚಿಡುವುದು ಕ್ಷೇಮ. ಮನೆಯ ಹಿರಿಯರ ಮೊಬೈಲ್‌ನಲ್ಲಿ ಯಾವ ಯಾವ ಸ್ವಯಂ ಪಾವತಿಗಳು ನಡೆಯುತ್ತಿವೆ ಎಂಬುದನ್ನು ಮಕ್ಕಳು ತಿಂಗಳಿಗೊಮ್ಮೆ ನೋಡಿಕೊಡುವುದೂ ವೈಯಾವೃತ್ಯವೇ, ಅಂದರೆ ಸೇವೆಯೇ.

ವ್ಯಾಪಾರಿ ಬಂಧುಗಳಲ್ಲಿ ಒಂದು ವಿನಂತಿ. ಮುಂಬರುವ ಚತುರ್ದಶಿಯಂದು ಪ್ರತಿಕ್ರಮಣಕ್ಕೆ ಕುಳಿತುಕೊಳ್ಳುವ ಮೊದಲು ತಮ್ಮ ಲೆಕ್ಕದ ಪುಸ್ತಕವನ್ನು ಒಮ್ಮೆ ತೆರೆಯಿರಿ. ಕೊಟ್ಟವನು ಮರೆತಿರುವ, ಆದರೆ ನಮಗೆ ನೆನಪಿರುವ ಮೊತ್ತ ಅದರಲ್ಲಿ ಎಷ್ಟಿದೆ ಎಂದು ಕೂಡಿಸಿರಿ. ಅದನ್ನು ಅವರವರಿಗೆ ಮರಳಿಸಿ ಬಂದು ಕುಳಿತರೆ, ಅಂದಿನ ಪ್ರತಿಕ್ರಮಣದಲ್ಲಿ ಮೂರನೆಯ ವ್ರತದ ಪಾಠವನ್ನು ನಿಶ್ಶಂಕೆಯಿಂದ ಉಚ್ಚರಿಸಬಹುದು.