ಹಾಡು ಬೇಕು, ಅಜ್ಜನ ಮುಖ ಬೇಡ

ನಮ್ಮ ಕಾಲೇಜಿನಲ್ಲಿ ಈ ವರ್ಷ ಮನೆಯಿಲ್ಲದವರ ಬಗ್ಗೆ ಒಂದು ಹಾಡು ರೆಕಾರ್ಡ್ ಮಾಡಿ, ಅದರಿಂದ ಹಣ ಸಂಗ್ರಹಿಸಬೇಕು ಎಂದು ತೀರ್ಮಾನವಾಗಿದೆ. ನಾನೂ ಆ ಗುಂಪಿನಲ್ಲಿದ್ದೇನೆ. ಹಾಡಲು ಅಲ್ಲ, ನನ್ನ ಕಂಠ ಎಲ್ಲರಿಗೂ ಗೊತ್ತು, ಲೆಕ್ಕ ಬರೆಯಲು. ದಫ್ ಸಾಕೋ, ಕೀಬೋರ್ಡ್ ಬೇಕೋ ಎಂಬ ಚರ್ಚೆಯೇ ಎರಡು ದಿನ ನಡೆಯಿತು. ನನ್ನ ತಕರಾರು ಅದರ ಬಗ್ಗೆ ಅಲ್ಲ. ಬಸ್ ನಿಲ್ದಾಣದಲ್ಲಿ ಮಲಗುವ ಅಜ್ಜನನ್ನು ವಿಡಿಯೊದಲ್ಲಿ ತೋರಿಸೋಣ, ನಿದ್ದೆಯಲ್ಲಿದ್ದಾಗಲೇ ತೆಗೆದರೆ ಸಹಜವಾಗಿ ಬರುತ್ತದೆ ಎಂದು ಒಬ್ಬರು ಹೇಳಿದರು. ಎಲ್ಲರೂ ಒಪ್ಪಿದರು. ನಾನು ಏನೂ ಹೇಳದೆ ಮನೆಗೆ ಬಂದೆ. ಆ ದಿನ ಹೇಳದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನನ್ನ ನಾನಾ ಕಾಫಿ ತೋಟದಲ್ಲಿ ಕೆಲಸಕ್ಕಿದ್ದರು. ವಾಸ ತೋಟದ ಲೈನ್ ಮನೆಯಲ್ಲಿ. ಲೈನ್ ಮನೆ ಎಂದರೆ ಏನೆಂದು ನಮ್ಮ ಕಡೆಯವರಿಗೆ ಹೇಳಬೇಕಿಲ್ಲ: ಕೆಲಸ ಇರುವವರೆಗೆ ಮನೆ. ಬೆನ್ನುನೋವು ಬಂದು ಕೆಲಸ ಬಿಟ್ಟಾಗ ಮನೆಯನ್ನೂ ಬಿಡಬೇಕಾಯಿತು. ಜೋರು ಮಳೆಗಾಲ. ಪಾತ್ರೆ, ಹಾಸಿಗೆ, ಎರಡು ಕೋಳಿ ಸಮೇತ ಪರಿಚಯದವರ ಕೊಟ್ಟಿಗೆ ಪಕ್ಕದ ಮಾಡಿನಲ್ಲಿ ಮೂರು ತಿಂಗಳು ಕಳೆದರು. ಆಗ ಅಮ್ಮೀಗೆ ಒಂಬತ್ತು ವರ್ಷ. ಯಾರೋ ದಾನಿಗಳು ಬಂದು ಕಂಬಳಿ ಕೊಟ್ಟರು, ಸಾಲಾಗಿ ನಿಲ್ಲಿಸಿ ಫೋಟೊ ತೆಗೆದರು. ಕಂಬಳಿ ಎಷ್ಟೋ ವರ್ಷ ಬಾಳಿಕೆ ಬಂತೆಂದು ಅಮ್ಮೀ ಈಗಲೂ ಹೊಗಳುತ್ತಾರೆ. ಆದರೆ ಆ ಫೋಟೊ ಪೇಪರಿನಲ್ಲಿ ಬಂದು ಶಾಲೆಯ ಗೆಳತಿಯರು ನೋಡಿದ ದಿನದ ಬಗ್ಗೆ ಕೇಳಿದರೆ ಎದ್ದು ಅಡುಗೆಮನೆಗೆ ಹೋಗುತ್ತಾರೆ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎಂದು ನಾನಿ ಹೇಳುವುದು ಇದಕ್ಕೇ ಇರಬೇಕು.

2011ರ ಜನಗಣತಿಯಲ್ಲಿ ದೇಶದಲ್ಲಿ ಸುಮಾರು 17.7 ಲಕ್ಷ ಜನ ವಸತಿರಹಿತರೆಂದು ಎಣಿಕೆಯಾಯಿತು. ಫುಟ್‌ಪಾತ್, ರೈಲು ನಿಲ್ದಾಣ, ಮೇಲ್ಸೇತುವೆ ಕೆಳಗೆ ಮಲಗುವವರ ಲೆಕ್ಕ ಅದು. ಕೊಟ್ಟಿಗೆ ಪಕ್ಕದ ಮಾಡಿನಲ್ಲಿದ್ದ ನಾನಾ ಅಂಥ ಲೆಕ್ಕದಲ್ಲಿ ಸಿಗುತ್ತಿರಲಿಲ್ಲ. 94ಸಿ ಅರ್ಜಿ ಹಾಕಿ ಹಕ್ಕುಪತ್ರಕ್ಕೆ ಕಾಯುವವರೂ ಸಿಗುವುದಿಲ್ಲ. ಭದ್ರಾ ಅಣೆಕಟ್ಟೆಯ ಹಿನ್ನೀರಿಗೆ ಊರನ್ನೇ ಬಿಟ್ಟು ಬಂದವರು ನಮ್ಮ ತಾಲ್ಲೂಕಿನಲ್ಲಿದ್ದಾರೆ. ನಮ್ಮ ಹಾಡಿನಲ್ಲಿ ಬೆಂಗಳೂರಿನ ಫ್ಲೈಓವರ್ ಬರುತ್ತದೆ, ಲೈನ್ ಮನೆ ಬರುವುದಿಲ್ಲ. ಅದೂ ಬರಲಿ.

ಇನ್ನು ಹಣದ ವಿಷಯ. 1971ರಲ್ಲಿ ಪೂರ್ವ ಪಾಕಿಸ್ತಾನದಿಂದ ಮನೆ ಬಿಟ್ಟು ಓಡಿಬಂದ ನಿರಾಶ್ರಿತರಿಗಾಗಿ ಪಂಡಿತ್ ರವಿಶಂಕರ್ ಮತ್ತು ಜಾರ್ಜ್ ಹ್ಯಾರಿಸನ್ ಆಗಸ್ಟ್ 1ರಂದು ನ್ಯೂಯಾರ್ಕ್‌ನಲ್ಲಿ ಎರಡು ಕಛೇರಿ ನಡೆಸಿದರು. ಟಿಕೆಟ್‌ನಿಂದ ಬಂದ ಎರಡೂವರೆ ಲಕ್ಷ ಡಾಲರ್‌ನಷ್ಟು ಹಣ ಯುನಿಸೆಫ್‌ಗೆ ಹೋಯಿತು. ಆದರೆ ತೆರಿಗೆ ವಿನಾಯಿತಿಗೆ ಮೊದಲೇ ಅರ್ಜಿ ಹಾಕದ ಕಾರಣ, ಧ್ವನಿಮುದ್ರಿಕೆಯಿಂದ ಬಂದ ದೊಡ್ಡ ಮೊತ್ತ ಅಮೆರಿಕದ ತೆರಿಗೆ ಇಲಾಖೆಯಲ್ಲಿ ವರ್ಷಗಟ್ಟಲೆ ಸಿಕ್ಕಿಕೊಂಡಿತು. ಅಷ್ಟು ದೊಡ್ಡವರಿಗೇ ಹೀಗಾದರೆ ನಾವು ಯಾವ ಲೆಕ್ಕ? ಯಾರ ಖಾತೆಗೆ ಹಣ, ಯಾರ ಸಹಿ, ಕೊನೆಗೆ ಯಾರಿಗೆ ತಲುಪಬೇಕು ಎಂಬುದು ಮೈಕ್ ಹಿಡಿಯುವ ಮೊದಲೇ ನಿರ್ಧಾರವಾಗಲಿ. ರಸೀದಿ ಮತ್ತು ಪಾವತಿ ಖಾತೆಯನ್ನು ನೋಟಿಸ್ ಬೋರ್ಡಿಗೆ ಹಾಕೋಣ. ಪರೀಕ್ಷೆಗೆ ಬರೆಯುವುದನ್ನು ಒಮ್ಮೆ ನಿಜವಾಗಿಯೂ ಬರೆದಂತಾಗುತ್ತದೆ.

ಕಳೆದ ಗುರುವಾರ ಸಂಜೆ ಬಸ್ಸಿಗೆ ಕಾಯುವಾಗ ಧೈರ್ಯ ಮಾಡಿ ಅಜ್ಜನ ಹತ್ತಿರ ಹೋದೆ. ಹಾಡಿನ ವಿಷಯ ಹೇಳಿ, "ನಿಮಗೆ ಏನು ಬೇಕು ಅಜ್ಜ?" ಎಂದು ಕೇಳಿದೆ. ಅವರು ಕಂಬಳಿ ಕೇಳಲಿಲ್ಲ. "ಹಗಲು ಹೊತ್ತು ಈ ಗಂಟು ಇಡ್ಲಿಕ್ಕೆ ಒಂದು ಜಾಗ ಸಿಕ್ಕಿದ್ರೆ ಸಾಕು ಮಗಾ. ಇದನ್ನು ಕಾಯ್ತಾ ಕೂತ್ರೆ ಕೂಲಿಗೆ ಹೋಗೋದು ಹೇಗೆ? ಆಧಾರ್ ಕಾರ್ಡ್ ಇದರೊಳಗೇ ಇದೆ" ಎಂದರು. ಫೋಟೊ ತೆಗೆಯಬಹುದಾ ಎಂದು ಕೇಳಿದ್ದಕ್ಕೆ ಮುಂಡಾಸು ಸರಿಮಾಡಿಕೊಂಡು, "ಬೇಡ. ಊರಲ್ಲಿ ಮಗಳಿದ್ದಾಳೆ" ಎಂದರು.

ಶನಿವಾರ ಮಧ್ಯಾಹ್ನ ಅಭ್ಯಾಸವಿದೆ. ವಿಡಿಯೊದಲ್ಲಿ ಖಾಲಿ ಬೆಂಚು, ಅದರ ಮೇಲೆ ಬೀಳುವ ಮಳೆ ಇರಲಿ ಎಂದು ಕೇಳುತ್ತೇನೆ. ಗಂಟು ಇಡಲು ಬೀಗವಿರುವ ಒಂದು ಪೆಟ್ಟಿಗೆಗೆ ಎಷ್ಟಾಗುತ್ತದೆ ಎಂದೂ ವಿಚಾರಿಸಿಕೊಂಡು ಬರುತ್ತೇನೆ. ಲೆಕ್ಕದ ಪುಸ್ತಕ ನನ್ನ ಹತ್ತಿರವೇ ಇದೆ.